ಲಾಸ್ ಏಂಜಲೀಸ್‌ನ ಗೆಟ್ಟಿ ಸೆಂಟರ್: ಉಚಿತ ಅಂದರೆ ಪೂರ್ತಿ ಉಚಿತವೇ, ಎಷ್ಟು ಹೊತ್ತು ಬೇಕು?

ವಿರಾಜಪೇಟೆ_ತೋಟ (ಪ್ರಶ್ನೆ)

ಮೇ ಕೊನೆಯ ವಾರದಲ್ಲಿ ಮೂವರು ಲಾಸ್ ಏಂಜಲೀಸ್‌ಗೆ ಹೊರಟಿದ್ದೇವೆ. ಮಗಳು ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಅವಳಿಗೆ ಗೆಟ್ಟಿ ಸೆಂಟರ್ ನೋಡಲೇಬೇಕು. ಅಮ್ಮನಿಗೆ ಮಂಡಿನೋವು, ಹೆಚ್ಚು ಮೆಟ್ಟಿಲು ಆಗದು. ಉಳಿಯುವುದು ಡೌನ್‌ಟೌನ್‌ನಲ್ಲಿ, ಕಾರು ಇರುವುದಿಲ್ಲ. ಪ್ರವೇಶ ಉಚಿತ ಅನ್ನುತ್ತಾರೆ, ಬುಕ್ ಮಾಡಬೇಕು ಅಂತಲೂ ಅನ್ನುತ್ತಾರೆ. ಹಾಗಾದರೆ ದುಡ್ಡು ಯಾವುದಕ್ಕೆ? ಎಷ್ಟು ಗಂಟೆ ಇಟ್ಟುಕೊಳ್ಳಬೇಕು? ಅದೇ ದಿನ ಡೌನ್‌ಟೌನ್‌ನ ದಿ ಬ್ರಾಡ್ ಮ್ಯೂಸಿಯಂ ಕೂಡ ಮುಗಿಸಬಹುದೇ?

ಕುಶಾಲನಗರ_ಪಯಣ

ಪ್ರವೇಶಕ್ಕೆ ಒಂದು ಪೈಸೆಯೂ ಇಲ್ಲ. ತೈಲ ಉದ್ಯಮಿ ಜೆ. ಪಾಲ್ ಗೆಟ್ಟಿ 1976ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಆಸ್ತಿಯಿಂದ ಬೆಳೆದ ಟ್ರಸ್ಟ್ ಇದನ್ನು ನಡೆಸುತ್ತದೆ. ಬುಕಿಂಗ್ ಇರುವುದು ಜನ ಒಮ್ಮೆಗೇ ನುಗ್ಗದಿರಲಿ ಅಂತ ಅಷ್ಟೇ. ಅವರ ವೆಬ್‌ಸೈಟಿನಲ್ಲಿ ದಿನ, ಸಮಯ ಆರಿಸಿದರೆ ಶೂನ್ಯ ಡಾಲರ್ ಟಿಕೆಟ್ ಇಮೇಲ್‌ಗೆ ಬರುತ್ತದೆ. ಆ ಸಮಯ ಒಳಗೆ ಬರುವುದಕ್ಕೆ ಮಾತ್ರ, ಬಂದಮೇಲೆ ಮುಚ್ಚುವ ತನಕ ಇರಬಹುದು. ಬೇರೆ ಸೈಟುಗಳು ಇದೇ ಟಿಕೆಟ್ಟಿಗೆ ಹಣ ಕೇಳಿದರೆ ಕೊಡಬೇಡಿ.

ದುಡ್ಡು ಹೋಗುವುದು ಪಾರ್ಕಿಂಗಿಗೆ. ಸದ್ಯ ಒಂದು ಕಾರಿಗೆ 25 ಡಾಲರ್, ಮಧ್ಯಾಹ್ನ 3ರ ನಂತರ ಬಂದರೆ ಕಡಿಮೆ. ನಿಮಗೆ ಕಾರಿಲ್ಲದ ಕಾರಣ ಈ ಖರ್ಚೂ ಉಳಿಯಿತು. ಡೌನ್‌ಟೌನ್‌ನಿಂದ ಮೆಟ್ರೋ ಇ ಲೈನ್ ಹಿಡಿದು ಎಕ್ಸ್‌ಪೋ/ಸೆಪಲ್ವೀಡಾ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಉತ್ತರಕ್ಕೆ ಹೋಗುವ 761 ನಂಬರಿನ ಬಸ್ಸು ಗೆಟ್ಟಿಯ ಗೇಟಿನ ಹತ್ತಿರವೇ ನಿಲ್ಲುತ್ತದೆ. ದರ ತಲೆಗೆ 1.75 ಡಾಲರ್. ಟ್ಯಾಪ್ ಕಾರ್ಡಿನಲ್ಲಿ (ಅಲ್ಲಿನ ರೈಲು, ಬಸ್ಸಿಗೆ ಹಣ ತುಂಬಿಸಿ ಉಜ್ಜುವ ಕಾರ್ಡು) ಕೊಟ್ಟರೆ ಎರಡು ಗಂಟೆಯೊಳಗೆ ರೈಲಿನಿಂದ ಬಸ್ಸಿಗೆ ಬದಲಾಯಿಸಲು ಮತ್ತೆ ಕೊಡಬೇಕಿಲ್ಲ. ಪ್ರತಿಯೊಬ್ಬರಿಗೂ ಬೇರೆ ಕಾರ್ಡ್ ಬೇಕು. ಒಂದೇ ಕಾರ್ಡನ್ನು ಮೂವರು ಉಜ್ಜಿದರೆ ಮೊದಲನೆಯವರ ಬದಲಾವಣೆಯ ಲೆಕ್ಕ ತಪ್ಪುತ್ತದೆ. ಬಸ್ಸು 405 ಹೆದ್ದಾರಿಯ ಪಕ್ಕದಲ್ಲೇ ಸಾಗುವುದರಿಂದ ಸಂಜೆ ನಾಲ್ಕರಿಂದ ಏಳರವರೆಗೆ ತೆವಳುತ್ತದೆ. ಒಂದು ಕಡೆಗೆ ಒಂದೂವರೆ ಗಂಟೆ ಅಂತಲೇ ಲೆಕ್ಕ ಹಾಕಿ.

ಸೋಮವಾರ ರಜೆ. ಉಳಿದ ದಿನ ಬೆಳಿಗ್ಗೆ 10ರಿಂದ ಸಂಜೆ 5.30, ಶನಿವಾರ ಮಾತ್ರ ರಾತ್ರಿ 8ರವರೆಗೆ. ಮೇ ಕೊನೆಯ ಸೋಮವಾರ ಅಲ್ಲಿ ಮೆಮೋರಿಯಲ್ ಡೇ, ಅದರ ಹಿಂದಿನ ಶನಿವಾರ ಭಾನುವಾರ ಜಾತ್ರೆಯಷ್ಟು ಜನ. ಅದನ್ನು ಬಿಟ್ಟು ಮಂಗಳವಾರದಿಂದ ಗುರುವಾರದೊಳಗೆ ಹೋಗುವುದು ವಾಸಿ.

ಅಮ್ಮನ ವಿಷಯ: ಗುಡ್ಡದ ಬುಡದಿಂದ ಮೇಲಕ್ಕೆ ಟ್ರಾಮ್ ಇದೆ, ಉಚಿತ, ನಾಲ್ಕೈದು ನಿಮಿಷದ ದಾರಿ. ಮೇಲೆ ಇಳಿದೊಡನೆ ಅಗಲವಾದ ಮೆಟ್ಟಿಲ ಸಾಲು ಕಾಣುತ್ತದೆ. ಅದನ್ನು ಹತ್ತಬೇಕಿಲ್ಲ, ಸಿಬ್ಬಂದಿಯನ್ನು ಕೇಳಿದರೆ ಲಿಫ್ಟಿನ ದಾರಿ ತೋರಿಸುತ್ತಾರೆ. ಗಾಲಿಕುರ್ಚಿ ಉಚಿತವಾಗಿ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು. ನಡೆಯಬಲ್ಲವರಾದರೂ ತೆಗೆದುಕೊಳ್ಳಿ. ಕಟ್ಟಡಗಳ ನಡುವಿನ ಅಂಗಳಗಳೇ ಅಷ್ಟು ಉದ್ದ, ಮಂಡಿ ಸೋಲುವುದು ಚಿತ್ರಶಾಲೆಗೆ ಬರುವ ಮೊದಲೇ.

ಪೊನ್ನಂಪೇಟೆ_ಸಿವಿಲ್

ಮಗಳಿಗೆ ಹೇಳಿ, ಕಟ್ಟಡ ನೋಡುವುದು ಟ್ರಾಮಿನಿಂದಲೇ ಶುರು. ಆ ಟ್ರಾಮಿಗೆ ಚಕ್ರವಿಲ್ಲ. ಗಾಳಿಯ ತೆಳು ಪದರದ ಮೇಲೆ ತೇಲುತ್ತದೆ, ಕೇಬಲ್ ಎಳೆಯುತ್ತದೆ, ಚಾಲಕ ಇಲ್ಲ. ಮುಕ್ಕಾಲು ಮೈಲಿ ಹತ್ತುವಾಗ ಕಟ್ಟಡ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಇದರ ವಾಸ್ತುಶಿಲ್ಪಿ ರಿಚರ್ಡ್ ಮೈಯರ್ ಬೇಕೆಂದೇ ಹಾಗೆ ಕಾಣಿಸಿದ್ದಾರೆ ಎಂದು ನನ್ನ ಅಭಿಪ್ರಾಯ. ಹೋಗುವಾಗ ಬಲಗಡೆ ಎಡಗಡೆ ಎರಡನ್ನೂ ನೋಡಲು ಕೊನೆಯ ಬೋಗಿಗಿಂತ ಮೊದಲ ಬೋಗಿ ಮೇಲು.

1997ರ ಡಿಸೆಂಬರ್‌ನಲ್ಲಿ ತೆರೆದದ್ದು. ಗುಡ್ಡಕ್ಕೆ ಎರಡು ದಿಣ್ಣೆಗಳಿವೆ, ಅವು ಒಂದಕ್ಕೊಂದು 22.5 ಡಿಗ್ರಿ ಓರೆ. ಕೆಳಗಿನ 405 ಹೆದ್ದಾರಿಯೂ ಅಲ್ಲಿ ಅಷ್ಟೇ ತಿರುಗುತ್ತದೆ. ಇಡೀ ಯೋಜನೆಯ ಎರಡು ಅಕ್ಷಗಳು ಅಲ್ಲಿಂದ ಬಂದವು. ಉಳಿದ ಎಲ್ಲವೂ 30 ಇಂಚಿನ ಚೌಕದ ಮೇಲೆ ಕೂತಿದೆ: ಕಲ್ಲು, ನೆಲ, ಲೋಹದ ಫಲಕ, ಕಿಟಕಿ. ಯಾವುದಾದರೂ ಮೂಲೆಯಲ್ಲಿ ನಿಂತು ನೆಲದ ಗೆರೆಯನ್ನು ಕಣ್ಣಿನಲ್ಲೇ ಹಿಂಬಾಲಿಸಿದರೆ ಅದು ಗೋಡೆ ಹತ್ತಿ ಕಿಟಕಿಯ ಚೌಕಟ್ಟಿಗೆ ಕೂಡಿಕೊಳ್ಳುತ್ತದೆ. ಒಂದು ಅಳತೆ ಟೇಪು ಬ್ಯಾಗಿನಲ್ಲಿರಲಿ. ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಅಲ್ಲಿ ಇನ್ನೊಂದಿಲ್ಲ.

ಕಲ್ಲು ಟ್ರಾವರ್ಟೈನ್. ರೋಮ್ ಬಳಿಯ ಟಿವೊಲಿ ಪ್ರದೇಶದ ಗಣಿಯದು, ಸುಮಾರು 12 ಲಕ್ಷ ಚದರ ಅಡಿ, 16,000 ಟನ್. ಗರಗಸದಲ್ಲಿ ನುಣ್ಣಗೆ ಕೊಯ್ದಿಲ್ಲ. ಗಿಲೊಟಿನ್‌ನಂಥ ಯಂತ್ರದಲ್ಲಿ ಬ್ಲೇಡು ಬೀಳಿಸಿ, ಕಲ್ಲಿನ ಪದರ ಎಲ್ಲಿ ಸೀಳುತ್ತದೋ ಅಲ್ಲೇ ಒಡೆದಿದ್ದಾರೆ. ಹಾಗೆ ಸೀಳಿದಾಗ ಒಳಗೆ ಹುದುಗಿದ್ದ ಎಲೆ, ಗರಿ, ಕಡ್ಡಿಗಳ ಪಳೆಯುಳಿಕೆ ಹೊರಬಂದವು. ಚೆನ್ನಾಗಿ ಮೂಡಿದ ಕೆಲವು ಕಲ್ಲುಗಳನ್ನು ಆರಿಸಿ ಗೋಡೆಗಳಲ್ಲಿ ಅಲ್ಲಲ್ಲಿ ಕೂರಿಸಿದ್ದಾರೆ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಗೋಡೆಗೆ ಓರೆಯಾಗಿ ಬಿದ್ದಾಗ ಹುಡುಕಿ. ನಡುಹಗಲಿನಲ್ಲಿ ನೆರಳು ಇಲ್ಲದೆ ಗೋಡೆ ಬರೀ ಬೆಳ್ಳಗೆ ಕಾಣುತ್ತದೆ, ಗರಿಯ ನರ ಗೊತ್ತಾಗುವುದಿಲ್ಲ.

ಎನಾಮಲ್ ಲೇಪಿಸಿದ ಅಲ್ಯೂಮಿನಿಯಂ ಫಲಕಗಳು ಮೈಯರ್ ಅವರ ಎಂದಿನ ಅಚ್ಚ ಬಿಳಿಯಲ್ಲ, ಕೆನೆಬಣ್ಣ. ಬಿಳಿ ಬಣ್ಣ ಬಿಸಿಲಿಗೆ ಕಣ್ಣು ಕುಕ್ಕುತ್ತದೆ ಅಂತ ಗುಡ್ಡದ ಸುತ್ತಲಿನ ನಿವಾಸಿಗಳು ತಕರಾರು ತೆಗೆದಿದ್ದರು. ಆದರೂ ತಂಪು ಕನ್ನಡಕ ಒಯ್ಯಿರಿ.

ಬೆಂಕಿಯ ಎದುರು ಕಟ್ಟಡ ಹೇಗೆ ನಿಲ್ಲುತ್ತದೆ ಅನ್ನುವುದನ್ನೂ ಗಮನಿಸಲಿ. ಚಾವಣಿಯ ಮೇಲೆ ಜಲ್ಲಿಕಲ್ಲು ಹಾಸಿದೆ, ಹಾರಿಬಂದ ಕೆಂಡ ಹಿಡಿಯದಿರಲಿ ಅಂತ. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಹೆಚ್ಚು, ಹಾಗಾಗಿ ಹೊಗೆ ಒಳಗೆ ನುಗ್ಗುವುದಿಲ್ಲ. ಗುಡ್ಡದಲ್ಲೇ ಹತ್ತು ಲಕ್ಷ ಗ್ಯಾಲನ್‌ನ ನೀರಿನ ಟ್ಯಾಂಕ್ ಇದೆ. 2019ರ ಅಕ್ಟೋಬರ್‌ನಲ್ಲಿ ಪಕ್ಕದ ಕಾಡು ಹೊತ್ತಿಕೊಂಡಾಗ ಚಿತ್ರಗಳನ್ನು ಎಲ್ಲಿಗೂ ಸಾಗಿಸಲಿಲ್ಲ. ಕಟ್ಟಡದೊಳಗೇ ಅವು ಹೆಚ್ಚು ಭದ್ರ.

ಗೋಣಿಕೊಪ್ಪ_ಕುಂಚ

ಕಟ್ಟಡದ ಮಾತೇ ಆಯಿತು, ಚಿತ್ರಗಳ ಬಗ್ಗೆ ನಾನು ಬರೆಯುತ್ತೇನೆ. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಅಂತ ನಾಲ್ಕು ಪೆವಿಲಿಯನ್, ಬದಲಾಗುವ ಪ್ರದರ್ಶನಕ್ಕೆ ಇನ್ನೊಂದು. ಚಿತ್ರಗಳೆಲ್ಲ ಮೇಲಂತಸ್ತಿನಲ್ಲಿ, ಏಕೆಂದರೆ ಅಲ್ಲಿ ಸೂರಿನಿಂದ ಹಗಲಿನ ಬೆಳಕು ಬರುತ್ತದೆ. ಓರೆ ಪಟ್ಟಿಗಳ ಲೂವರ್‌ಗಳು ನೇರ ಬಿಸಿಲನ್ನು ತಡೆಯುತ್ತವೆ. ಬೆಳಕು ತಾಳದ ಹಸ್ತಪ್ರತಿ, ಫೋಟೋ, ಪೀಠೋಪಕರಣಗಳು ಕೆಳಗೆ. ಹಸ್ತಪ್ರತಿ ಕೋಣೆಯ ಮಬ್ಬು ಬೆಳಕಿಗೆ ಕಣ್ಣು ಹೊಂದಲು ಎರಡು ಮೂರು ನಿಮಿಷ ಬೇಕು, ಒಳಗೆ ಹೋದ ತಕ್ಷಣ ಏನೂ ಕಾಣಲಿಲ್ಲ ಅಂತ ಹೊರಬರಬೇಡಿ.

ಎಲ್ಲರೂ ನುಗ್ಗುವುದು ಪಶ್ಚಿಮ ಪೆವಿಲಿಯನ್ನಿನ ಮೇಲಂತಸ್ತಿಗೆ, ವ್ಯಾನ್ ಗೋ ಅವರ ‘ಐರಿಸಸ್’ ನೋಡಲು. ಗೇಟು ತೆರೆದ ಕೂಡಲೇ ಬಂದವರು ನೇರ ಅಲ್ಲಿಗೇ ಹೋಗಿ. ಹನ್ನೊಂದೂವರೆಯ ನಂತರ ಮುಂದೆ ನಿಲ್ಲಲು ಜಾಗ ಸಿಗದು. 1889ರ ಮೇ ತಿಂಗಳಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯ ತೋಟದಲ್ಲಿ ಬಿಡಿಸಿದ್ದು, ಅಳತೆ ಸುಮಾರು 74 x 94 ಸೆಂ.ಮೀ. ಎಡಗಡೆ ಒಂಟಿ ಬಿಳಿ ಹೂವು ಎಲ್ಲರಿಗೂ ಕಾಣುತ್ತದೆ. ನೀಲಿ ಹೂಗಳನ್ನು ನೋಡುವಾಗ ಒಂದು ವಿಷಯ ನೆನಪಿರಲಿ: ಅವು ನೀಲಿಯಾಗಿರಲಿಲ್ಲ. ಚಿತ್ರಕಾರ ನೀಲಿಗೆ ಜೆರೇನಿಯಂ ಲೇಕ್ ಎಂಬ ಕೆಂಪು ಬೆರೆಸಿ ನೇರಳೆ ಮಾಡಿದ್ದರು. ಆ ಕೆಂಪು ಬೆಳಕಿಗೆ ಬಹುಬೇಗ ಮಾಸುವಂಥದ್ದು, ಮಾಸಿ ನೀಲಿ ಮಾತ್ರ ಉಳಿಯಿತು. ಗೆಟ್ಟಿಯ ಸಂರಕ್ಷಣಾ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2024ರಲ್ಲಿ ಒಂದು ಪ್ರದರ್ಶನವನ್ನೇ ಮಾಡಿದರು. ಬಣ್ಣದೊಳಗೆ ಪೈನ್ ಮರದ ಪರಾಗದ ತೆನೆಯೂ ಅಂಟಿಕೊಂಡಿದ್ದು ಸಿಕ್ಕಿತು, ಅಂದರೆ ಹೊರಗೆ ಮರದಡಿಯಲ್ಲೇ ಕೂತು ಬಿಡಿಸಿದ್ದು. ಮೊದಲು ಎರಡು ಮೀಟರ್ ದೂರದಿಂದ ನೋಡಿ, ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಎಲೆಗಳ ಬಣ್ಣದ ದಪ್ಪ ಎದ್ದು ಕಾಣುತ್ತದೆ.

ಅದೇ ಪೆವಿಲಿಯನ್ನಿನಲ್ಲಿ ಬೆಲ್ಜಿಯಂನ ಚಿತ್ರಕಾರ ಎನ್ಸರ್ ಅವರ ‘ಕ್ರೈಸ್ಟ್ಸ್ ಎಂಟ್ರಿ ಇಂಟು ಬ್ರಸೆಲ್ಸ್ ಇನ್ 1889’ ಬಿಡಬೇಡಿ. 1888ರದ್ದು, ನಾಲ್ಕು ಮೀಟರಿಗೂ ಹೆಚ್ಚು ಅಗಲ. ಐರಿಸಸ್‌ಗೆ ಮುತ್ತುವ ಜನರಲ್ಲಿ ಅರ್ಧದಷ್ಟು ಇದಕ್ಕೆ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಅಲ್ಲಿನ ಅತ್ಯಂತ ದೊಡ್ಡ ಚಿತ್ರ ಇದೇ, ಅಳತೆಯ ಮಾತಲ್ಲ.

ಫ್ಲ್ಯಾಶ್, ಟ್ರೈಪಾಡ್, ಸೆಲ್ಫಿ ಸ್ಟಿಕ್ ಬೇಡ. ಬೆನ್ನುಚೀಲ ದೊಡ್ಡದಿದ್ದರೆ ಕೋಟ್ ಚೆಕ್‌ನಲ್ಲಿ ಇಡಿಸುತ್ತಾರೆ, ಉಚಿತ. ಸ್ಕೆಚ್ ಪುಸ್ತಕ, ಪೆನ್ಸಿಲ್ ಆಗುತ್ತದೆ. ಊಟ ಕಟ್ಟಿಕೊಂಡು ಹೋಗಿ ಹೊರಗಿನ ಪಿಕ್ನಿಕ್ ಜಾಗದಲ್ಲಿ ತಿನ್ನಬಹುದು, ಅಲ್ಲಿನ ಕೆಫೆ ದುಬಾರಿ.

ವಿರಾಜಪೇಟೆ_ತೋಟ

ಇಷ್ಟು ವಿವರಕ್ಕೆ ಎಲ್ಲರಿಗೂ ವಂದನೆ. @ಪೊನ್ನಂಪೇಟೆ_ಸಿವಿಲ್, ಆ ಕಲ್ಲಿನ ಬಗ್ಗೆ ಇನ್ನೊಂದು ಪ್ರಶ್ನೆ. ಮಡಿಕೇರಿಯಲ್ಲಿ ಕಟ್ಟುತ್ತಿರುವ ಮನೆಯ ಹೊರಗೋಡೆಗೆ ಟ್ರಾವರ್ಟೈನ್ ಹಾಕಿಸಿ ಅಂತ ಮಗಳ ಹಟ. ನಮ್ಮ ಮಳೆಗೆ ತಡೆದೀತೇ?

ಪೊನ್ನಂಪೇಟೆ_ಸಿವಿಲ್

ಹಾಕಿಸಬೇಡಿ. ಲಾಸ್ ಏಂಜಲೀಸ್‌ನಲ್ಲಿ ವರ್ಷಕ್ಕೆ ಬೀಳುವುದು ನಾನೂರು ಮಿ.ಮೀ.ಗಿಂತ ಕಡಿಮೆ ಮಳೆ, ಮಡಿಕೇರಿಯದು ಮೂರು ಸಾವಿರ ದಾಟುತ್ತದೆ. ಟ್ರಾವರ್ಟೈನ್ ಸುಣ್ಣದ ಜಾತಿಯ ಕಲ್ಲು, ಮೈಯೆಲ್ಲ ತೂತು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗಲು ಬಿಸಿಲೇ ಸಿಗದ ಕಡೆ ಆ ತೂತುಗಳಲ್ಲಿ ನೀರು ನಿಂತು ಎರಡನೇ ಮಳೆಗಾಲಕ್ಕೇ ಹಸಿರು ಪಾಚಿ, ಕಪ್ಪು ಗೆರೆ. ಆಸಿಡ್ ಹಾಕಿ ತೊಳೆದರೆ ಕಲ್ಲೇ ಕರಗುತ್ತದೆ.

ಅಲ್ಲಿಂದ ಕಲಿಯಬೇಕಾದದ್ದು ಜೋಡಣೆ. ಗೆಟ್ಟಿಯಲ್ಲಿ ಕಲ್ಲನ್ನು ಗಾರೆಯಲ್ಲಿ ಅಂಟಿಸಿಲ್ಲ, ಲೋಹದ ಕೊಂಡಿಗಳಲ್ಲಿ ನೇತುಹಾಕಿದ್ದಾರೆ. ಕಲ್ಲುಗಳ ನಡುವಿನ ಸಂದು ತೆರೆದೇ ಇದೆ. ಮಳೆನೀರು ಸಂದಿನಿಂದ ಒಳಗಿಳಿದು ಹಿಂದಿನ ಟೊಳ್ಳಿನಲ್ಲಿ ಕೆಳಗೆ ಹರಿಯುತ್ತದೆ, ಭೂಕಂಪಕ್ಕೆ ಪ್ರತಿ ಕಲ್ಲೂ ತನ್ನಷ್ಟಕ್ಕೆ ಅಲ್ಲಾಡಬಹುದು. ಕಟ್ಟಡ ಏಳುತ್ತಿದ್ದಾಗಲೇ 1994ರ ಜನವರಿಯಲ್ಲಿ ನಾರ್ತ್‌ರಿಡ್ಜ್ ಭೂಕಂಪವಾಗಿ ಉಕ್ಕಿನ ಬೆಸುಗೆಗಳಲ್ಲಿ ಬಿರುಕು ಕಂಡು, ಅವನ್ನು ಬಲಪಡಿಸಬೇಕಾಯಿತು.

ನಮ್ಮಲ್ಲಿ ಕ್ಲ್ಯಾಡಿಂಗ್ (ಗೋಡೆಗೆ ಹೊದಿಸಿದ ಕಲ್ಲು) ಕಳಚಿ ಬೀಳುವುದು ಬಹುಪಾಲು ಗಾರೆಯಿಂದ. ಹಿಂದೆ ನೀರು ಸಿಕ್ಕಿಕೊಂಡು ಬಿಳಿ ಉಪ್ಪು ಹೊರಗೆ ಬರುತ್ತದೆ, ಆಮೇಲೆ ಕಲ್ಲು ಗೋಡೆ ಬಿಡುತ್ತದೆ. ಕಲ್ಲು ಬೇಕೇ ಬೇಕಾದರೆ ಗ್ರಾನೈಟ್ ತೆಗೆದುಕೊಳ್ಳಿ, 30 ಮಿ.ಮೀ. ದಪ್ಪ, 316 ದರ್ಜೆಯ ಸ್ಟೇನ್‌ಲೆಸ್ ಕ್ಲ್ಯಾಂಪ್, ಹಿಂದೆ 40 ಮಿ.ಮೀ. ಟೊಳ್ಳು, ಅದರ ಹಿಂದೆ ಗೋಡೆಗೆ ವಾಟರ್‌ಪ್ರೂಫಿಂಗ್. ಬುಡದಲ್ಲಿ ನೀರು ಹೊರಹೋಗಲು ಸಂದು ಬಿಡಿಸಿ, ಇರುವೆ ಗೂಡು ಕಟ್ಟದಂತೆ ಅದಕ್ಕೆ ಜಾಲರಿ. ಎಲ್ಲಕ್ಕಿಂತ ಮೊದಲು ಸೂರು ಗೋಡೆಯಿಂದ ಮೂರಡಿಯಾದರೂ ಮುಂದೆ ಬರಲಿ. ಐನ್‌ಮನೆಗಳ ಗೋಡೆ ಇಷ್ಟು ಕಾಲ ಉಳಿದದ್ದಕ್ಕೆ ಆ ಇಳಿಜಾರು ಸೂರೇ ಕಾರಣ. ಗೆಟ್ಟಿಯ ಗೋಡೆಗಳಿಗೆ ಸೂರೇ ಇಲ್ಲ, ಆ ಹವೆಗೆ ಅದು ಸರಿ.

ಕುಶಾಲನಗರ_ಪಯಣ

ಎರಡು ವಿಷಯ ಬಿಟ್ಟುಹೋಗಿತ್ತು. ಮೇ, ಜೂನ್‌ನಲ್ಲಿ ಅಲ್ಲಿ ಬೆಳಿಗ್ಗೆ ಕಡಲ ಮಂಜು. ತಣ್ಣನೆ ಪೆಸಿಫಿಕ್ ನೀರಿನ ಮೇಲಿನ ಗಾಳಿ ತಂಪಾಗಿ ಮೋಡವಾಗುತ್ತದೆ, ಮೇಲಿನ ಬೆಚ್ಚನೆ ಪದರ ಅದನ್ನು ಮುಚ್ಚಳದಂತೆ ತಡೆಯುತ್ತದೆ. ಗುಡ್ಡ ಅದೇ ಎತ್ತರದಲ್ಲಿರುವುದರಿಂದ ಹತ್ತು ಗಂಟೆಗೆ ಕಡಲೂ ಇಲ್ಲ, ನಗರವೂ ಇಲ್ಲ. ಹನ್ನೆರಡರ ಹೊತ್ತಿಗೆ ಸಾಮಾನ್ಯವಾಗಿ ಕರಗುತ್ತದೆ. ಆದ್ದರಿಂದ ಬೆಳಿಗ್ಗೆ ಚಿತ್ರ, ಊಟದ ನಂತರ ಹೊರಗಿನ ತೋಟ ಮತ್ತು ಗೋಡೆ. ಐದು ಗಂಟೆ ಕನಿಷ್ಠ, ಆರು ಇದ್ದರೆ ಹಿತ. ಸಂಜೆ ಗಾಳಿ ಚಳಿ, ಸ್ವೆಟರ್ ಇರಲಿ.

ತೋಟ ಕಲಾವಿದ ರಾಬರ್ಟ್ ಇರ್ವಿನ್ ಅವರದು. ತೊರೆಯ ಪಕ್ಕ ಅಂಕುಡೊಂಕಾಗಿ ಇಳಿಯುವ ದಾರಿ, ಪ್ರತಿ ತಿರುವಿಗೂ ಕಲ್ಲುಗಳ ಜೋಡಣೆ ಬೇರೆ, ಹಾಗಾಗಿ ನೀರಿನ ಸದ್ದೂ ಬೇರೆ. ಕೆಳಗೆ ಕೊಳದ ನಡುವೆ ಅಜೇಲಿಯಾ ಗಿಡಗಳನ್ನು ಚಕ್ರವ್ಯೂಹದ ಆಕಾರದಲ್ಲಿ ಬೆಳೆಸಿದ್ದಾರೆ. ಬೋಗನ್‌ವಿಲ್ಲಾ ಹಬ್ಬಿಸಿದ ಕೊಡೆಗಳು ಕಾಂಕ್ರೀಟಿಗೆ ಹಾಕುವ ಸರಳಿನವು, ನಮ್ಮ ಹೋಂಸ್ಟೇಗಳವರು ಇದನ್ನು ನೋಡಿ ಮಾಡಿಸಬಹುದು. ಇಳಿಯುವುದು ಸುಲಭ, ಗಾಲಿಕುರ್ಚಿ ತಳ್ಳಿಕೊಂಡು ಹತ್ತುವವರಿಗೆ ದಣಿವು. ಇಬ್ಬರು ಸರದಿ ತಳ್ಳಿ.

ಬ್ರಾಡ್ ಅದೇ ದಿನಕ್ಕೆ ಬೇಡ, ನೀವು ಉಳಿಯುವ ಡೌನ್‌ಟೌನ್‌ನಲ್ಲೇ ಇದೆ, ಬೇರೆ ದಿನ ಎರಡು ಗಂಟೆ ಸಾಕು. ಅಲ್ಲೂ ಉಚಿತ, ಸೋಮವಾರ ರಜೆ. ಮುಂದಿನ ತಿಂಗಳ ಟಿಕೆಟ್ಟುಗಳನ್ನು ಹಿಂದಿನ ತಿಂಗಳ ಕೊನೆಯ ಬುಧವಾರ ಅಲ್ಲಿನ ಬೆಳಿಗ್ಗೆ 10ಕ್ಕೆ ಬಿಡುತ್ತಾರೆ. ನಮ್ಮಲ್ಲಿ ಅದು ಬೇಸಿಗೆ ಲೆಕ್ಕದಲ್ಲಿ ರಾತ್ರಿ ಹತ್ತೂವರೆ, ಅಂದರೆ ಏಪ್ರಿಲ್ ಕೊನೆಯ ಬುಧವಾರ ರಾತ್ರಿ ಫೋನ್ ಹಿಡಿದು ಕೂರಬೇಕು. ಜಪಾನಿನ ಕಲಾವಿದೆ ಕುಸಾಮಾ ಅವರ ಕನ್ನಡಿ ಕೋಣೆಗೆ ಬಿಡುವುದು ಒಂದು ನಿಮಿಷದೊಳಗೆ, ಅದಕ್ಕೆ ಪ್ರತ್ಯೇಕ ಸರದಿ ಇರುತ್ತದೆ, ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಎದುರು ರಸ್ತೆಯ ಮೋಕಾ ಎಂಬ ಸಮಕಾಲೀನ ಕಲೆಯ ಮ್ಯೂಸಿಯಮ್ಮಿಗೂ 2020ರಿಂದ ಸಾಮಾನ್ಯ ಪ್ರವೇಶ ಉಚಿತ, ಪಕ್ಕದಲ್ಲಿ ವಾಸ್ತುಶಿಲ್ಪಿ ಗೆಹ್ರಿ ಅವರ ಡಿಸ್ನಿ ಕಾನ್ಸರ್ಟ್ ಹಾಲ್. ಗ್ರ್ಯಾಂಡ್ ಅವೆನ್ಯೂ ಆರ್ಟ್ಸ್ ಸ್ಟೇಷನ್ನಿನಲ್ಲಿ ಇಳಿದರೆ ಮೂರೂ ನಡೆಯುವ ದೂರ. ಸ್ಟೇಷನ್ ಆಳದಲ್ಲಿದೆ, ಲಿಫ್ಟಿನಲ್ಲೇ ಮೇಲೆ ಬರಬೇಕು. ಅಮ್ಮನಿಗೆ ಅದೂ ಅನುಕೂಲವೇ.