ಸಮುದ್ರ 350 ಕಿ.ಮೀ. ದೂರ, ಮೊದಲ ಸರ್ಫ್‌ಬೋರ್ಡ್ ಯಾವುದು? ಅಲೆ ಮಾಸ್ತರ್ ಜೊತೆ ಪ್ರಶ್ನೋತ್ತರ

ಗುಂಪಿನ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಕೊನೆಯ ಭಾನುವಾರ, ಹೇಳಿದಂತೆ ಅಲೆ ಮಾಸ್ತರ್ ಬಂದಿದ್ದಾರೆ. ಮಂಗಳೂರು ಹತ್ತಿರದ ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್, ಅಂದರೆ ಬೋರ್ಡ್ ಮೇಲೆ ನಿಂತು ಅಲೆ ಸವಾರಿ, ಕಲಿಸುತ್ತಾರೆ, ಮುರಿದ ಬೋರ್ಡ್ ರಿಪೇರಿಯನ್ನೂ ಮಾಡುತ್ತಾರೆ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ಘಟ್ಟದ ಮೇಲಿನವರು. ಬೋರ್ಡ್ ತಗೊಳ್ಳುವ ಬಗ್ಗೆ ಕೇಳಿ. ಫಾರ್ವರ್ಡ್ ಮೆಸೇಜ್ ಬೇಡ.

ಬೆಂಗಳೂರು ಬಾಬು: ಸರ್, ನಾನೇ ಮೊದಲು. ಎತ್ತರ 5 ಅಡಿ 8 ಇಂಚು, ತೂಕ 74 ಕೆ.ಜಿ. ಎರಡು ಸಲ ಕ್ಲಾಸ್ ಮಾಡಿದ್ದೇನೆ. ವರ್ಷಕ್ಕೆ ನಾಲ್ಕು ಸಲ ಬರೋಣ ಅಂತಿದೆ. ಯಾವ ಬೋರ್ಡ್ ತಗೊಳ್ಳಲಿ?

ಅಲೆ ಮಾಸ್ತರ್: ನಮಸ್ಕಾರ. ತಗೊಳ್ಳಬೇಡಿ.

ಬೇಜಾರು ಮಾಡ್ಕೋಬೇಡಿ, ಲೆಕ್ಕ ಹೇಳುತ್ತೇನೆ. ನಾಲ್ಕು ಸಲ, ಒಂದೊಂದು ಸಲಕ್ಕೆ ಎರಡು ದಿನ. ಎಂಟು ದಿನ ಬೋರ್ಡ್ ನೀರಲ್ಲಿ ಇರುತ್ತದೆ. ಉಳಿದ 357 ದಿನ ನಿಮ್ಮ ಮನೆ ಗೋಡೆಗೆ ಒರಗಿರುತ್ತದೆ. ಎಂಟು ಅಡಿಯ ಸಾಮಾನು ಮಾರಾಯ್ರೆ, ಲಿಫ್ಟಿನೊಳಗೆ ಹೋಗುತ್ತದಾ ಅಂತ ಮೊದಲು ಅಳತೆ ಮಾಡಿ ನೋಡಿ. ಇಲ್ಲಿ ಬಾಡಿಗೆಗೆ ಸಿಗುತ್ತದೆ. ಇನ್ನೊಂದು ಹದಿನೈದು, ಇಪ್ಪತ್ತು ದಿನ ನೀರಲ್ಲಿ ಕಳೆಯುವವರೆಗೆ ಬಾಡಿಗೆಯೇ ಸಾಕು. ಆಮೇಲೂ ಆಸೆ ಇದ್ದರೆ 8 ಅಡಿಯ ಫೋಮ್ ಬೋರ್ಡ್ (ಮೈ ಮೆತ್ತಗಿರುವುದು), 22 ಇಂಚಿಗಿಂತ ಅಗಲ, 75 ಲೀಟರಿಗಿಂತ ಜಾಸ್ತಿ. ಆ ದುಡ್ಡಲ್ಲಿ ಈಗ ಈಜಿನ ಕ್ಲಾಸಿಗೆ ಸೇರಿ.

ಮೈಸೂರು ಪಾಕ್: ಲೀಟರ್ ಅಂದ್ರೆ ಏನು ಸರ್? ಹಾಲಾ?

ಅಲೆ ಮಾಸ್ತರ್: ಬೋರ್ಡಿನ ಗಾತ್ರ. ಲೀಟರ್ ಜಾಸ್ತಿ ಇದ್ದಷ್ಟೂ ಬೋರ್ಡ್ ನಿಮ್ಮನ್ನು ಹೆಚ್ಚು ತೇಲಿಸುತ್ತದೆ. ಹೊಸಬರಿಗೆ ನಮ್ಮದೊಂದು ಅಂದಾಜು: ನಿಮ್ಮ ತೂಕ ಎಷ್ಟು ಕೆ.ಜಿ.ಯೋ ಅಷ್ಟು ಲೀಟರ್, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ.

ಶಿವಮೊಗ್ಗ ಮಳೆ: *ಫಾರ್ವರ್ಡ್ ಮಾಡಲಾಗಿದೆ:* "ನಿಮ್ಮ ಎತ್ತರಕ್ಕೆ 2 ಅಡಿ ಸೇರಿಸಿ, ಅದೇ ನಿಮ್ಮ ಬೋರ್ಡ್! ಹೊಸ ಬೋರ್ಡಿಗೆ ಕೊಬ್ಬರಿ ಎಣ್ಣೆ ಸವರಿ ಒಂದು ದಿನ ಬಿಸಿಲಲ್ಲಿಟ್ಟರೆ ನೀರು ಕುಡಿಯುವುದಿಲ್ಲ. ಜಾರದಿರಲು ಮನೆಯ ಕ್ಯಾಂಡಲ್ ಉಜ್ಜಿ." ಇದು ಸರೀನಾ ಸರ್?

ಅಲೆ ಮಾಸ್ತರ್: ಅಡ್ಮಿನ್ ಈಗಷ್ಟೇ ಎಂತ ಹೇಳಿದ್ರು?

ಎತ್ತರದ ಲೆಕ್ಕ ಅರ್ಧ ಸರಿ, ತೂಕ ಬಿಟ್ಟುಹೋಗಿದೆ. ಎಣ್ಣೆ ಸವರಿದ ಬೋರ್ಡಿನ ಮೇಲೆ ನಿಂತು ತೋರಿಸಿ, ನಿಮಗೇ ಒಂದು ಬೋರ್ಡ್ ಕೊಡುತ್ತೇನೆ. ಬಿಸಿಲಲ್ಲಿ ಇಡಲೇಬೇಡಿ. ಒಳಗಿನ ಗಾಳಿ ಹಿಗ್ಗಿ ಮೇಲಿನ ಪದರ ಫೋಮಿನಿಂದ ಬಿಟ್ಟು, ಪೂರಿಯ ಹಾಗೆ ಉಬ್ಬುತ್ತದೆ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಅದೇ ಗತಿ. ಕ್ಯಾಂಡಲ್ ಗಟ್ಟಿ ಮೇಣ, ಅಂಟು ಬರುವುದಿಲ್ಲ. ನಮ್ಮ ನೀರು ಬೆಚ್ಚಗೆ, ಅದಕ್ಕೆ ಟ್ರಾಪಿಕಲ್ ಅಂತ ಬರೆದ ಸರ್ಫ್ ವ್ಯಾಕ್ಸ್ ಸಿಗುತ್ತದೆ. ಫೋಮ್ ಬೋರ್ಡಿನ ಮೈ ತರಿತರಿ ಇದ್ದರೆ ಎಷ್ಟೋ ಸಲ ಅದೂ ಬೇಕಾಗುವುದಿಲ್ಲ.

ದಾವಣಗೆರೆ ಬೆಣ್ಣೆ: ಮಾಸ್ತರೇ, ನನ್ನದು ಬೇರೆ ಥರ. ನಮ್ಮ ಸೋದರಮಾವ ಆಸ್ಟ್ರೇಲಿಯಾದಲ್ಲಿದ್ದರು. ಸುಮಾರು ವರ್ಷದ ಹಿಂದೆ ಮನೆ ಸಾಮಾನಿನ ಜೊತೆ ಒಂದು ಬೋರ್ಡ್ ಬಂದಿತ್ತು. 9 ಅಡಿ ಇದೆ. ಅಟ್ಟದ ಮೇಲೆ ಹಳೇ ತೊಟ್ಟಿಲಿನ ಪಕ್ಕದಲ್ಲಿ ಬಿದ್ದಿದೆ. ಹಳದಿ ಆಗಿದೆ, ನಡುವೆ ಉದ್ದಕ್ಕೆ ಮರದ ಗೆರೆ ಇದೆ. ಗುಜರಿಗೆ ಹಾಕೋದಾ? ನಾನು 58 ಕೆ.ಜಿ., ಚೆನ್ನಾಗಿ ಈಜುತ್ತೇನೆ.

ಅಲೆ ಮಾಸ್ತರ್: ಗುಜರಿಗೆ ಹಾಕಬೇಡಿ ಅಕ್ಕ! ದಯವಿಟ್ಟು!

ಆ ಮರದ ಗೆರೆಗೆ ಸ್ಟ್ರಿಂಗರ್ ಅನ್ನುತ್ತಾರೆ, ಬೋರ್ಡಿನ ಬೆನ್ನುಮೂಳೆ. ಹಳದಿ ಬಣ್ಣಕ್ಕೆ ಹೆದರಬೇಡಿ, ರಾಳ ಬಿಸಿಲು ಕಂಡರೆ ಹಳದಿ ಆಗುತ್ತದೆ. ಬೋರ್ಡ್ ಕೆಳಗಿಳಿಸಿ ಎರಡು ಕುರ್ಚಿಗಳ ಮೇಲೆ ಟವೆಲ್ ಹಾಸಿ ಮಲಗಿಸಿ. ಹೆಬ್ಬೆರಳಿನಿಂದ ಮೇಲಿಂದ ಕೆಳಗಿನವರೆಗೆ ಒತ್ತುತ್ತಾ ಬನ್ನಿ. ನಿಲ್ಲುವ ಜಾಗದಲ್ಲಿ ಸಣ್ಣ ಗುಳಿಗಳು ಇದ್ದೇ ಇರುತ್ತವೆ, ಅದು ಕಾಲಿನ ಗುರುತು, ತೊಂದರೆ ಇಲ್ಲ. ಆದರೆ ಹಪ್ಪಳ ಒತ್ತಿದ ಹಾಗೆ ಕರ್‌ಕರ್ ಅಂದರೆ, ಅಥವಾ ಒಳಗೆ ಹೋಗಿ ಮತ್ತೆ ಮೇಲೆ ಬಂದರೆ, ಅಲ್ಲಿ ಪದರ ಬಿಟ್ಟಿದೆ. ಆಮೇಲೆ ಒಂದು ರೂಪಾಯಿ ನಾಣ್ಯದಿಂದ ತಟ್ಟಿ. ಒಳ್ಳೆಯ ಜಾಗದಲ್ಲಿ ಟಕ್ ಅನ್ನುತ್ತದೆ, ಕೆಟ್ಟ ಜಾಗದಲ್ಲಿ ಬೊದ್ ಅನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡುತ್ತೀರಲ್ಲ, ಹಾಗೇ.

ಇನ್ನು ಬಾಲದ ಕಡೆ. ಫಿನ್, ಅಂದರೆ ಬೋರ್ಡಿನ ಅಡಿಯ ರೆಕ್ಕೆ, ಕೂರುವ ಗುಂಡಿಯ ಸುತ್ತ ಕೂದಲೆಳೆಯಂಥ ಬಿರುಕು ಉಂಟಾ? ಕಾಲಿಗೆ ಕಟ್ಟುವ ಹಗ್ಗ, ಲೀಶ್, ಸಿಕ್ಕಿಸುವ ಬಟ್ಟಲು ಅಲ್ಲಾಡುತ್ತದಾ? ಹಳೇ ಲೀಶ್ ಇದ್ದರೆ ಬಿಸಾಡಿ. ನೋಡಲು ಚೆನ್ನಾಗಿರುತ್ತದೆ, ಮೊದಲ ಅಲೆಗೇ ತುಂಡಾಗುತ್ತದೆ. ಹೊಸದು ಬೋರ್ಡಿನಷ್ಟೇ ಉದ್ದ ಇರಲಿ, 9 ಅಡಿ. ಸ್ಟ್ರಿಂಗರ್ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅಂಕಿಗಳೇನಾದರೂ ಇವೆಯಾ ನೋಡಿ, ಮಾಡಿದವನು ಅಳತೆ ಬರೆದಿರುತ್ತಾನೆ.

ಒಂದು ಎಚ್ಚರಿಕೆ. ಬೋರ್ಡ್ ಗಟ್ಟಿ, ಫಿನ್ ಚೂಪು. ಕಲಿಯುವುದು ಫೋಮ್ ಬೋರ್ಡಿನಲ್ಲಿ, ಇದು ಆಮೇಲೆ. ಫೋಟೋ ಹಾಕಿ.

ದಾವಣಗೆರೆ ಬೆಣ್ಣೆ: ಅಳತೆ ಇದೆ! ಕೆಳಗೆ ಒಂದು ಸಹಿಯೂ ಇದೆ. ಒಂದು ಕಡೆ ಬೊದ್ ಅಂತು, ಅಂಗೈ ಅಗಲ. ಫೋಟೋ ಹಾಕಿದ್ದೇನೆ.

ಶಿವಮೊಗ್ಗ ಮಳೆ: ಅಕ್ಕ, ಎಂ-ಸೀಲ್ ತುಂಬಿ ಮೇಲೆ ಫೈಬರ್ ರಾಳ ಬಳಿದುಬಿಡಿ, ನಮ್ಮ ಅಣ್ಣ ನೀರಿನ ಟ್ಯಾಂಕಿಗೆ ಹಾಗೇ ಮಾಡಿದ್ದು.

ಅಲೆ ಮಾಸ್ತರ್: ಇದು ಟ್ಯಾಂಕ್ ಅಲ್ಲ. ಬೋರ್ಡ್ ಬಾಗುತ್ತದೆ, ಎಂ-ಸೀಲ್ ಬಾಗುವುದಿಲ್ಲ, ಅದರ ಅಂಚಿನಲ್ಲೇ ಬಿರುಕು ಬಿಡುತ್ತದೆ. ಇನ್ನು ರಾಳ. ಒಳಗಿರುವುದು ಥರ್ಮೋಕೋಲ್ ಜಾತಿಯ ಫೋಮ್ ಆದರೆ ಮಾಮೂಲಿ ಪಾಲಿಯೆಸ್ಟರ್ ರಾಳ ಅದನ್ನು ಕರಗಿಸಿಬಿಡುತ್ತದೆ. ಅದಕ್ಕೆ ಎಪಾಕ್ಸಿ ರಾಳವೇ ಬೇಕು. ಅಕ್ಕನ ಬೋರ್ಡ್ ನೋಡಿದರೆ ಹಳೇ ಪಾಲಿಯುರೆಥೇನ್ ಫೋಮಿನ ಥರ ಕಾಣುತ್ತದೆ, ಅದು ಬೇರೆ ಜಾತಿ, ಆದರೂ ಕೈಯಲ್ಲಿ ಹಿಡಿಯದೆ ಹೇಳುವುದಿಲ್ಲ. ಮಳೆ ಮುಗಿದ ಮೇಲೆ ತನ್ನಿ ಅಕ್ಕ, ನಾನೇ ಮಾಡಿಕೊಡುತ್ತೇನೆ.

ಹೊಸಪೇಟೆ ಹುಡುಗ: ಸರ್ ನಮಗ ಸಮುದ್ರ ಭಾಳ ದೂರ ಆಗ್ತದ ರೀ. ಟಿ.ಬಿ. ಡ್ಯಾಂ ಹಿನ್ನೀರಿನ್ಯಾಗ ಬೋರ್ಡ್ ಮ್ಯಾಲೆ ಮಲಗಿ ಕೈ ಹಾಕೋದು ಪ್ರಾಕ್ಟೀಸ್ ಮಾಡಬಹುದಾ?

ಅಲೆ ಮಾಸ್ತರ್: ಕೈ ಬೀಸುವ ಅಭ್ಯಾಸಕ್ಕೆ ನಿಂತ ನೀರು ಒಳ್ಳೆಯದು. ಆದರೆ ತುಂಗಭದ್ರೆಯಲ್ಲಿ ಮೊಸಳೆ ಇವೆ, ಹಿನ್ನೀರಿನಲ್ಲಿ ಮುಳುಗಿದ ಮರ, ಬಲೆ ಇರುತ್ತವೆ, ಅಣೆಕಟ್ಟಿನ ಹತ್ತಿರ ಇಳಿಯಲು ಅನುಮತಿಯೂ ಬೇಕು. ಈಜುಕೊಳದಲ್ಲಿ ಮಾಡಿ. ಸಿಹಿನೀರಿನಲ್ಲಿ ಬೋರ್ಡ್ ಕೊಂಚ ಕಡಿಮೆ ತೇಲುತ್ತದೆ, 80 ಲೀಟರಿನ ಬೋರ್ಡಿಗೆ ಸುಮಾರು 2 ಕೆ.ಜಿ. ವ್ಯತ್ಯಾಸ. ಮಲಗಿದಲ್ಲಿಂದ ಎದ್ದು ನಿಲ್ಲುವುದನ್ನು ಮನೆಯಲ್ಲಿ ಚಾಪೆ ಮೇಲೆ ದಿನಕ್ಕೆ ಇಪ್ಪತ್ತು ಸಲ ಮಾಡಿ.

ಕೋಲಾರ ಕಾರ್ತಿ: ಎತ್ತರ 5.6, ತೂಕ 70. ಯಾವ ಬೋರ್ಡ್?

ಅಲೆ ಮಾಸ್ತರ್: ಬಾಬು ಅವರಿಗೆ ಹೇಳಿದ್ದೇ.

ಚೆನ್ನೈ ಕನ್ನಡಿಗ: ಬೆಂಗಳೂರಿನವರು ಮುಲ್ಕಿಗೇ ಯಾಕೆ ಹೋಗಬೇಕು? ಚೆನ್ನೈ ಹತ್ತಿರದ ಕೋವಳಂಗೂ ಹೆಚ್ಚುಕಮ್ಮಿ ಅಷ್ಟೇ ದೂರ, ಘಟ್ಟದ ತಿರುವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿ ಬಾಗಿಲು ಹಾಕಿದಾಗ ನಮ್ಮಲ್ಲಿ ಒಳ್ಳೆಯ ಅಲೆ.

ಕುಡ್ಲದ ಮೀನು: ಆಹಾ, ಬಂದ್ರು ನೋಡಿ. 2004ರಲ್ಲೇ ಮುಲ್ಕಿಯ ಆಶ್ರಮದಲ್ಲಿ ಸರ್ಫಿಂಗ್ ಕ್ಲಬ್ ಶುರುವಾಗಿತ್ತು. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಆದದ್ದು ನಮ್ಮ ಸಸಿಹಿತ್ಲಿನಲ್ಲಿ. ನಿಮ್ಮಲ್ಲಿ ಎಂತ ಉಂಟು?

ಚೆನ್ನೈ ಕನ್ನಡಿಗ: ಜುಲೈನಲ್ಲಿ ಅಲೆ ಉಂಟು.

ಬೆಂಗಳೂರು ಬಾಬು: ಗುರು, ಊಟ ಎಲ್ಲಿ ಚೆನ್ನಾಗಿದೆ ಅದನ್ನ ಹೇಳಿ.

ಕುಡ್ಲದ ಮೀನು: ಅದನ್ನೂ ಕೇಳಬೇಕಾ? ನೀರ್ ದೋಸೆ, ಬಂಗುಡೆ ಪುಳಿಮುಂಚಿ. ಮುಗೀತು.

ತುಮಕೂರು ಟೈಗರ್: ಸರ್ ಒಂದು ಸಣ್ಣ ಡೌಟ್. ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಬೋರ್ಡ್ ತಗೊಂಡೆ. 6 ಅಡಿ 2 ಇಂಚು, ಸಕತ್ತಾಗಿದೆ. ನಾನು 82 ಕೆ.ಜಿ. ಸ್ವಿಮ್ಮಿಂಗ್ ಪೂಲಲ್ಲಿ ಒಂದು ರೌಂಡ್ ಈಜುತ್ತೇನೆ. ಜೂನ್ ಎರಡನೇ ವಾರ ನಾಲ್ಕು ಜನ ಫ್ರೆಂಡ್ಸ್ ಉತ್ತರ ಕನ್ನಡದ ಕಡೆ ಯಾವುದಾದರೂ ಜನ ಇಲ್ಲದ ಬೀಚಿಗೆ ಹೋಗುತ್ತಿದ್ದೇವೆ. ಕ್ಲಾಸ್ ಬೇಡ ಅಂತ ವಿಡಿಯೋ ನೋಡಿ ಕಲಿತಿದ್ದೇವೆ. ಲೀಶ್ ಎಡಗಾಲಿಗಾ, ಬಲಗಾಲಿಗಾ?

ಅಲೆ ಮಾಸ್ತರ್: ತಮ್ಮಾ, ಲೀಶ್ ಹಿಂದಿನ ಕಾಲಿಗೆ. ಆದರೆ ನಿನ್ನ ಪ್ರಶ್ನೆ ಅದಲ್ಲ. ಕೂತು ಓದು.

ಮೊದಲು ಬೋರ್ಡ್. 6 ಅಡಿ 2 ಇಂಚಿನದು ಸಾಮಾನ್ಯವಾಗಿ 30 ಲೀಟರ್ ಆಸುಪಾಸು ಇರುತ್ತದೆ. ನೀನು 82 ಕೆ.ಜಿ. ಮಲಗಿದ ಕೂಡಲೇ ಅದು ನಿನ್ನ ಎದೆಯ ಕೆಳಗೆ ಮುಳುಗುತ್ತದೆ. ಕೈ ಬೀಸಿದರೂ ಮುಂದೆ ಹೋಗುವುದಿಲ್ಲ. ಹತ್ತು ನಿಮಿಷದಲ್ಲಿ ತೋಳು ಸೋಲುತ್ತದೆ. ಸೋತ ತೋಳಿನಲ್ಲಿ ವಾಪಸ್ ಬರಬೇಕು.

ಎರಡನೆಯದು ಜೂನ್. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ, 61 ದಿನ. ಅದು ಮೀನಿನ ಸಂತಾನದ ಕಾಲ ಅಂತ ಮಾಡಿದ ನಿಯಮ, ಸರಿ. ಆದರೆ ಆ ಹೊತ್ತಿನ ಕಡಲಿಗೆ ಹುಟ್ಟಿದಾಗಿನಿಂದ ದೋಣಿ ನಡೆಸಿದವರೇ ಹೆದರುತ್ತಾರೆ. ನಾನೂ ಹೊಸಬರಿಗೆ ಕಲಿಸುವುದನ್ನು ನಿಲ್ಲಿಸುತ್ತೇನೆ.

ಮೂರನೆಯದು ಸೆಳೆತ. ಅಲೆ ತಂದು ಸುರಿದ ನೀರು ವಾಪಸ್ ಹೋಗಲು ಒಂದು ದಾರಿ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಘಟ್ಟದ ಮೇಲಿಂದ ಬಂದವರು ಎಡಕ್ಕೂ ಬಲಕ್ಕೂ ನೊರೆ ನೋಡಿ, ನಡುವೆ ಶಾಂತ ಇದೆ ಅಂತ ಸರಿಯಾಗಿ ಅಲ್ಲೇ ಇಳಿಯುತ್ತಾರೆ. ಅಳಿವೆಯ ಹತ್ತಿರ, ಅಂದರೆ ಹೊಳೆ ಕಡಲಿಗೆ ಸೇರುವಲ್ಲಿ, ಇದು ಇನ್ನೂ ಜೋರು. ಸಿಕ್ಕಿಕೊಂಡರೆ ದಡದ ಕಡೆ ಮುಖ ಮಾಡಿ ಗುದ್ದಾಡಬೇಡ. ಬೋರ್ಡ್ ಬಿಡಬೇಡ, ಅದೇ ನಿನ್ನ ದೋಣಿ. ಅದರ ಮೇಲೆ ಮಲಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗು. ನೊರೆ ಅಲೆ ಸಿಕ್ಕಿದ ಮೇಲೆ ಅದೇ ನಿನ್ನನ್ನು ಒಳಗೆ ತಳ್ಳುತ್ತದೆ. ಆಗದಿದ್ದರೆ ಕೈ ಎತ್ತಿ ಬೀಸು. ಬೀಸಿದರೆ ನೋಡುವವರು ಯಾರು? ಜನ ಇಲ್ಲದ ಬೀಚು ಹುಡುಕಿದ್ದು ನೀನೇ ಅಲ್ವಾ?

ಲೀಶ್ ಲೈಫ್ ಜಾಕೆಟ್ ಅಲ್ಲ, ತುಂಡಾಗುತ್ತದೆ. ತುಂಡಾದಾಗ ನಿನಗಿರುವುದು ಪೂಲಿನ ಒಂದು ರೌಂಡ್.

ಹೋಗಬೇಡ. ಅಕ್ಟೋಬರ್ ಮುಗಿಯಲಿ, ನಾಲ್ಕೂ ಜನ ಬನ್ನಿ. ಮೊದಲ ದಿನ ಹಣ ಬೇಡ.

ತುಮಕೂರು ಟೈಗರ್: ಸರ್ ಹೋಂಸ್ಟೇ ಬುಕ್ ಆಗಿಬಿಟ್ಟಿದೆ. ಸೊಂಟದ ಮಟ್ಟದ ನೀರಲ್ಲೇ ಇರುತ್ತೇವೆ.

ಅಲೆ ಮಾಸ್ತರ್: ಜೂನ್‌ನಲ್ಲಿ ಸೊಂಟದ ಮಟ್ಟ ಅನ್ನುವುದು ಒಂದು ಅಲೆ ಬರುವವರೆಗೆ ಮಾತ್ರ. ಹೋಂಸ್ಟೇಯಲ್ಲಿ ಮಲಗಿ ಮಳೆ ನೋಡಿ. ಬೋರ್ಡ್ ತುಮಕೂರಲ್ಲೇ ಬಿಟ್ಟು ಬನ್ನಿ.

ಮೈಸೂರು ಪಾಕ್: ಸರ್, ಗಾಳಿ ತುಂಬುವ ಬೋರ್ಡ್ ತಗೊಂಡರೆ ಬಸ್ಸಲ್ಲಿ ಬ್ಯಾಗಿನಲ್ಲೇ ತರಬಹುದಲ್ವಾ?

ಚೆನ್ನೈ ಕನ್ನಡಿಗ: ಒಳ್ಳೆಯ ಐಡಿಯಾ. ನನ್ನ ಹತ್ತಿರ ಇದೆ.

ಕುಡ್ಲದ ಮೀನು: ಅದು ಕೆರೆಗೆ ಸರಿ. ಅಲೆಯಲ್ಲಿ ನಡು ಮಡಚುತ್ತದೆ.

ಚೆನ್ನೈ ಕನ್ನಡಿಗ: ನೀವು ಯಾವತ್ತಾದರೂ ಹತ್ತಿದ್ದೀರಾ? ಸುಮ್ನೆ ಮಾತಾಡೋದು.

ಕುಡ್ಲದ ಮೀನು: ನಾನು ಮೀನಿನ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ಅಲೆ ಹತ್ತಿ ಬೆಳೆದವನು ಸ್ವಾಮಿ. ಬಲೂನು ಹತ್ತುವ ಗತಿ ಬಂದಿಲ್ಲ.

ಚೆನ್ನೈ ಕನ್ನಡಿಗ: ಅದೇ ಹೇಳಿದ್ದು, ಮುಚ್ಚಳದ ಬುದ್ಧಿ.

ಗುಂಪಿನ ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ತೆಗೆದುಹಾಕುತ್ತೇನೆ.

ಬೆಂಗಳೂರು ಬಾಬು: ಬೋರ್ಡನ್ನು ಕಾರಿನ ಮೇಲೆ ಕಟ್ಟಿದರೆ ಪೊಲೀಸರು ಹಿಡೀತಾರಾ?

ಶಿವಮೊಗ್ಗ ಮಳೆ: *ಫಾರ್ವರ್ಡ್ ಮಾಡಲಾಗಿದೆ:* "ಜೆಲ್ಲಿ ಮೀನು ಕಚ್ಚಿದರೆ ತಕ್ಷಣ ಮೂತ್ರ..."

ಅಲೆ ಮಾಸ್ತರ್: ಅಡ್ಮಿನ್, ಇವರ ಫೋನ್ ಕಸಿದುಕೊಳ್ಳಿ. ಮೂತ್ರ ಬೇಡ, ಉಜ್ಜುವುದೂ ಬೇಡ. ಸಮುದ್ರದ ನೀರಿನಲ್ಲೇ ತೊಳೆಯಿರಿ, ಉಸಿರಾಟದ ತೊಂದರೆ ಆದರೆ ಆಸ್ಪತ್ರೆಗೆ ಓಡಿ. ಇಲ್ಲಿ ನಾನು ಬೋರ್ಡ್ ಬಗ್ಗೆ ಹೇಳಲು ಬಂದದ್ದು.

ಶಿವಮೊಗ್ಗ ಮಳೆ: ಒಳ್ಳೇದಕ್ಕೆ ಹಾಕಿದ್ದು ಸರ್. ಇಷ್ಟು ಕೋಪ ಯಾಕೆ.

ದಾವಣಗೆರೆ ಬೆಣ್ಣೆ: ಮಾಸ್ತರೇ, ಅಲ್ಲಿಯವರೆಗೆ ಅಟ್ಟದಲ್ಲೇ ಇಡಲಾ? ಮೇಲೆ ತಗಡಿನ ಶೀಟು.

ಅಲೆ ಮಾಸ್ತರ್: ತಗಡಿನ ಕೆಳಗೆ ಬೇಡ ಅಕ್ಕ, ಬೆಂದುಹೋಗುತ್ತದೆ. ಮಂಚದ ಕೆಳಗೆ, ಹಳೇ ಹತ್ತಿ ಸೀರೆ ಸುತ್ತಿ ಮಲಗಿಸಿ. ಮೇಲೆ ಏನೂ ಹೇರಬೇಡಿ.

ತುಮಕೂರಿನ ತಮ್ಮಾ, ಯಾವ ಬೀಚು? ಯಾವ ದಿನ? ಅಲ್ಲಿ ನನಗೆ ಗೊತ್ತಿರುವ ದೋಣಿಯವರಿದ್ದಾರೆ.

ಹಾಸನ ಹರೀಶ: ಲೇಟಾಗಿ ಬಂದೆ, ಕ್ಷಮಿಸಿ. ಎತ್ತರ 5.9, ತೂಕ 77. ಯಾವ ಬೋರ್ಡ್ ತಗೊಳ್ಳಬಹುದು?

ಕೋಲಾರ ಕಾರ್ತಿ: ಮೇಲೆ ಓದ್ರಿ ಸ್ವಾಮಿ.

ಹಾಸನ ಹರೀಶ: ನಿಮ್ಮನ್ನು ಕೇಳಿಲ್ಲ, ಮಾಸ್ತರನ್ನು ಕೇಳಿದ್ದು.

ಅಲೆ ಮಾಸ್ತರ್: ಆ ತುಮಕೂರಿನ ಹುಡುಗ ಮೆಸೇಜ್ ಓದಿದ್ದಾನೆ, ಉತ್ತರ ಕೊಟ್ಟಿಲ್ಲ. ಯಾರಿಗಾದರೂ ಅವನ ಮನೆಯವರ ಪರಿಚಯ ಉಂಟಾ?