ಅಪ್‌ಡೇಟ್: ಮೈಸೂರು ಪಾಕ್ ಕೊನೆಗೂ ಗಟ್ಟಿಯಾಯಿತು

ಹೋದ ವಾರ ಕೇಳಿದ್ದೆ: ಕಾಲು ಕೆಜಿ ಕಡಲೆಹಿಟ್ಟು, ಸಕ್ಕರೆ, ತುಪ್ಪ ಅರ್ಧರ್ಧ ಕೆಜಿ ಅಂತ ಅಮ್ಮ ಹೇಳಿದ್ದರು. ನಾನು 1 ವಾಟಿ (ಸಣ್ಣ ಬಟ್ಟಲು) ಹಿಟ್ಟು, ತಲಾ 2 ವಾಟಿ ಸಕ್ಕರೆ, ತುಪ್ಪ ಹಾಕಿದೆ. ಪಾಕ್ ಹೋಗಿ ಪಾಯಸ ಆಯಿತು, ಯಾಕೆ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಗೆ ಈಗ ತಕ್ಕಡಿ ಬಂದಿದೆ. ಮೊದಲು ವಾಟಿ ತುಂಬ ನೀರು ತೂಗಿದೆ: 200 ಗ್ರಾಂ. ಅಂದರೆ ವಾಟಿ 200 ಎಂಎಲ್. (ಪಕ್ಕದ ಮನೆ ಕಾಕುವಿನ ವಾಟಿ 150! ಅವರ ಅಳತೆ ನನಗೆ ಯಾವತ್ತೂ ಕೂಡಿಬರದಿದ್ದದ್ದು ಇದಕ್ಕೇ.) ಅದೇ ವಾಟಿಯಲ್ಲಿ ಸಕ್ಕರೆ 170 ಗ್ರಾಂ, ಕರಗಿದ ತುಪ್ಪ 180. ಜರಡಿ ಹಿಡಿದ ಹಿಟ್ಟು ಮಾತ್ರ ಬರೀ 80! ಅದನ್ನೇ ಬೆರಳಲ್ಲಿ ಒತ್ತಿ ತುಂಬಿದರೆ 100 ದಾಟಿತು.

ನೀವು ಹೇಳಿದ್ದೇ ಸರಿ, ತೂಕದ ಲೆಕ್ಕ ವಾಟಿಗೆ ನಡೆಯಲ್ಲ. ಮಜಾ ನೋಡಿ, ಅಮ್ಮ ಹೇಳಿದ ತೂಕಕ್ಕೆ ನನ್ನ ವಾಟಿಯಲ್ಲಿ ಮೂರೂ ಹೆಚ್ಚುಕಮ್ಮಿ ಸಮ: ಹಿಟ್ಟು 3, ಸಕ್ಕರೆ 3, ತುಪ್ಪ ಮೂರಕ್ಕೆ ಸ್ವಲ್ಪ ಕಮ್ಮಿ.

ಭಾನುವಾರ ಹಾಗೇ ಮಾಡಿದೆ. ಒಂದೆಳೆ ಪಾಕಕ್ಕೆ ಹಿಟ್ಟು, ಆಮೇಲೆ ಬಿಸಿ ತುಪ್ಪ ಸ್ವಲ್ಪಸ್ವಲ್ಪವೇ. ತಟ್ಟೆಗೆ ಸುರಿದಾಗ ಗುಳ್ಳೆ ಗುಳ್ಳೆ ಎದ್ದು, ಚಾಕು ಹಾಕಿದರೆ ಅಂಚು ನೆಟ್ಟಗೆ ನಿಂತಿತು. ಅಮ್ಮನಿಗೆ ಫೋಟೋ ಕಳಿಸಿದೆ. "ಬಣ್ಣ ಸ್ವಲ್ಪ ಜಾಸ್ತಿ ಆಯ್ತಲ್ವಾ?" ಅಂದರು.