ಪ್ರಸಾದವನ್ನೂ ಬೇಡ ಎನ್ನಬೇಕಾಗಿ ಬಂದಾಗ

ತೀರ್ಥಹಳ್ಳಿ ಸೊಸೆ:
ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಹೋಗಿ 14 ತಿಂಗಳಾಯಿತು. ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ 4 ಗಂಟೆ ಡಯಾಲಿಸಿಸ್. ನಸುಕಿನಲ್ಲೇ ಬಸ್ ಹತ್ತಿ, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ತಲುಪುತ್ತೇವೆ. ಆ ಓಡಾಟ ಅಭ್ಯಾಸವಾಗಿದೆ.

ಎಳ್ಳಮಾವಾಸ್ಯೆಗೆ ರಾಮೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಪ್ರತಿ ವರ್ಷ ತುಂಗೆಯಲ್ಲಿ ಮುಳುಗಿ ಏಳುತ್ತಿದ್ದವರು ಈ ಸಲ ದಡದಲ್ಲಿ ಕುಳಿತು ತಲೆಗೆ ನೀರು ಪ್ರೋಕ್ಷಿಸಿಕೊಂಡರು. ಅದನ್ನಾದರೂ ಸಹಿಸಿದೆ. ಒಳಗೆ ಬಾಳೆಹಣ್ಣು, ಕಾಯಿ ಕೊಟ್ಟರು. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಅವರ ಹೃದಯಕ್ಕೆ ಅಪಾಯ. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು, ಪಕ್ಕದಲ್ಲಿದ್ದ ಮಗುವಿಗೆ ಕೊಟ್ಟುಬಿಟ್ಟರು. ದೇವರು ಕೊಟ್ಟದ್ದೇ ನಮಗೆ ಆಗಿಬರುವುದಿಲ್ಲ ಎಂದರೆ ಇನ್ನೇನು ಉಳಿಯಿತು? ಅಂದಿನಿಂದ ದೀಪ ಹಚ್ಚುತ್ತೇನೆ, ಎದುರಿಗೆ ಯಾರೂ ಇಲ್ಲ ಎನಿಸುತ್ತದೆ. ಇಂಥದ್ದನ್ನು ಕಂಡವರಿದ್ದರೆ ಹೇಳಿ, ಅವನು ಇದ್ದಾನೆ ಎಂದು ನಿಮಗೆ ಮತ್ತೆ ಎಲ್ಲಿ ಅನಿಸಿತು?

ಶರಣಾರ್ಥಿ:
48 ದಿನ ಮೃತ್ಯುಂಜಯ ಜಪ ಮಾಡಿ. ನಂಬಿ ಮಾಡಿದರೆ ಫಲ ಖಂಡಿತ.

ತೀರ್ಥಹಳ್ಳಿ ಸೊಸೆ:
ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ ಅಣ್ಣಾ. ಜಪ ಮೊದಲ ತಿಂಗಳಿನಿಂದಲೂ ನಡೆದಿದೆ. ನಾನು ಕೇಳಿದ್ದು ಫಲವನ್ನಲ್ಲ.

ಊರ ಅರ್ಚಕ:
ಸಕ್ಕರೆ ಕಾಯಿಲೆಯವರು ಪಂಚಕಜ್ಜಾಯಕ್ಕೆ ಕೈಯೊಡ್ಡಲು ಹಿಂಜರಿಯುವುದನ್ನು ದಿನವೂ ನೋಡುತ್ತೇನೆ ತಾಯೀ. ಬಾಯಿಗೆ ಹೋದದ್ದಷ್ಟೇ ಪ್ರಸಾದವಲ್ಲ. ಗಂಧ, ಭಸ್ಮ, ಲಿಂಗದ ಮೇಲಿಂದ ತೆಗೆದ ಹೂವು, ಬಿಲ್ವದ ದಳ ಎಲ್ಲವೂ ಪ್ರಸಾದವೇ. ಕಣ್ಣಿಗೊತ್ತಿಕೊಂಡರೆ ಸ್ವೀಕರಿಸಿದಂತೆಯೇ. ‘ಹಣ್ಣು ಬೇಡ, ಹೂವು ಕೊಡಿ’ ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮ ಯಜಮಾನರು ಹಣ್ಣನ್ನು ಮಗುವಿಗೆ ಕೊಟ್ಟರಲ್ಲ, ನಾನು ಅಲ್ಲಿದ್ದಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ.

ರಾತ್ರಿಪಾಳಿ:
ಅಕ್ಕಾ, ನಾನು ಡಯಾಲಿಸಿಸ್ ತಂತ್ರಜ್ಞೆ. ಮೊದಲು ಎಚ್ಚರಿಕೆಯ ಮಾತು: ಎಳನೀರು, ಪಂಚಾಮೃತ ವೈದ್ಯರನ್ನು ಕೇಳದೆ ಬೇಡ. ತೀರ್ಥವನ್ನು ಒಂದೇ ಉದ್ಧರಣೆ ಕೊಡಿ, ಅದನ್ನೂ ಅವರು ಆ ದಿನ ಕುಡಿಯಬಹುದಾದ ನೀರಿನ ಲೆಕ್ಕಕ್ಕೆ ಸೇರಿಸಿ.

ಯಂತ್ರದಲ್ಲಿ ರಕ್ತದ ಕಲ್ಮಶವನ್ನು ಸೆಳೆದುಕೊಳ್ಳುವ ದ್ರಾವಣ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ಹರಿಯುತ್ತದೆ, 4 ಗಂಟೆಗೆ 120 ಲೀಟರ್. ಕೂದಲೆಳೆಯಂಥ ಸಾವಿರಾರು ಕೊಳವೆಗಳ ಒಳಗೆ ರಕ್ತ, ಹೊರಗೆ ಈ ದ್ರಾವಣ. ನೋಡುವಾಗಲೆಲ್ಲ ನನಗೆ ರುದ್ರಾಭಿಷೇಕ ನೆನಪಾಗುತ್ತದೆ. ನನ್ನ ತಂದೆಯೂ ಇಂಥದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅವರ ಫಿಸ್ಟುಲಾದ ಮೇಲೆ, ಅಂದರೆ ಡಯಾಲಿಸಿಸ್ ಸೂಜಿಗಾಗಿ ಕೈಯಲ್ಲಿ ಎರಡು ರಕ್ತನಾಳ ಸೇರಿಸಿದ ಜಾಗದ ಮೇಲೆ, ಬೆರಳಿಟ್ಟು ರಕ್ತ ಹರಿಯುವ ಕಂಪನ ನೋಡುತ್ತಿದ್ದೆ. ದೇವರ ಕೋಣೆಯಲ್ಲಿ ನಿಲ್ಲದ ಮನಸ್ಸು ಅಲ್ಲಿ ನಿಲ್ಲುತ್ತಿತ್ತು. ನಿಮಗೂ ಆ ಕಂಪನ ಗೊತ್ತಲ್ಲವೇ?

ತೀರ್ಥಹಳ್ಳಿ ಸೊಸೆ:
ಗೊತ್ತು ತಂಗೀ. ಎಡಗೈಯ ಮಣಿಕಟ್ಟಿನ ಮೇಲೆ, ದುಂಬಿ ಗುಂಯ್ಗುಟ್ಟಿದಂತೆ. ಅದು ನಿಂತರೆ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದಿದ್ದಾರೆ, ಹಾಗಾಗಿ ಇಷ್ಟು ದಿನ ಭಯದಿಂದಲೇ ಮುಟ್ಟುತ್ತಿದ್ದೆ.

ಇಂದು ದೀಪ ಹಚ್ಚಿ, ಹಿತ್ತಲ ಬಿಲ್ವದ ದಳವೊಂದನ್ನು ದೇವರಿಗೆ ಏರಿಸಿ ಅವರ ತಲೆಯ ಮೇಲಿಟ್ಟೆ. ಆಮೇಲೆ ಬೆರಳಿಟ್ಟು ಎಂದಿಗಿಂತ ಹೆಚ್ಚು ಹೊತ್ತು ಕುಳಿತೆ. ‘ಏನು ಕೇಳಿಸಿಕೊಳ್ಳುತ್ತಿದ್ದೀಯೆ?’ ಎಂದರು. ಹೇಳಲಾಗಲಿಲ್ಲ, ಅಳು ಬಂದುಬಿಟ್ಟಿತು. ಆದರೆ ಎದುರಿಗೆ ಯಾರೂ ಇಲ್ಲ ಎನಿಸಲಿಲ್ಲ.

ಭಟ್ಟರೇ, ನಿಮಗೂ ನಮಸ್ಕಾರ. ಸೋಮವಾರ ಹೋಗಿ ಹೂವು ಕೇಳುತ್ತೇವೆ.